ಕಟ್ಟಿಟ್ಟ ಪುಟಗಳು

ಮೀಸುವ ಮುನ್ನ ಮುದುಕವ್ವ ತೀರಿಹೋದ ಮಗನ ಉಡದಾರದ ಗಂಟನ್ನು ಉಗುರಿನಿಂದ ಬಿಡಿಸುತ್ತಿದ್ದಳು. ಮೈದುನನ ಮಗ ಅಮರಪ್ಪ ಬ್ಲೇಡು ತಂದುಕೊಟ್ಟ. ಆಕೆ ಮುಟ್ಟಲಿಲ್ಲ.

"ಕೊಯ್ಯಬಾರ್ದಪ್ಪ, ಬಿಡಿಸಬೇಕು. ಇವ ತನ್ನ ಕೈಲೆ ಕಟ್ಟಿದ್ದು ಒಂದ ಗಂಟು ಮನ್ಯಾಗ ಉಳದ್ರೂ ಜೀವ ಅಲ್ಲೇ ಜೋತು ಬೀಳತೈತಿ. ನಮ್ಮ ಹನುಮಸಾಗರದ ಕಡೆ ಹೆಣ ಎತ್ತೂದ್ರೊಳಗ ಎಲ್ಲಾ ಬಿಡಿಸ್ತಾರ."

"ಆತು ದೊಡ್ಡವ್ವ, ಲಗೂ ಬಿಡಿಸು. ಬಿಸಲು ಏರಾಕತ್ತೈತಿ."

ಮೀಸಿದ ಮೇಲೆ ವಿರುಪಣ್ಣನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದರು. ಹಣೆಗೆ ವಿಭೂತಿ ಬಳಿದು ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಬಲಗೈ ಹೆಬ್ಬೆರಳಿನ ಮಸಿ ಮಾತ್ರ ತೊಳೆದರೂ ಹೋಗಿರಲಿಲ್ಲ. ಗಂಗಾವತಿಯಲ್ಲಿ ದಾದೇಸಾಬನ ಪ್ರೆಸ್ಸು ಶುರುವಾದಾಗಿನಿಂದ ಈ ಎಂಬತ್ತೊಂದರ ಬೇಸಿಗೆಯವರೆಗೆ ಅಲ್ಲಿ ಸೀಸದ ಅಕ್ಷರ ಜೋಡಿಸಿದವನು ಅವನೊಬ್ಬನೇ. ಅಕ್ಕಿ ಗಿರಣಿಗಳ ರಸೀದಿ, ಲಗ್ನಪತ್ರಿಕೆ, ಟೂರಿಂಗ್ ಟಾಕೀಸಿನ ಕರಪತ್ರ, ಎಲ್ಲವೂ ಅವನ ಕೈಯಿಂದಲೇ ಹೋದವು.

ಹೆಂಡತಿ ಯಮನೂರಮ್ಮ ಪಕ್ಕದಲ್ಲಿ ಕೂತಿದ್ದಳು. ಹೆಣ ಎತ್ತುವವರೆಗೆ ಆಕೆ ಏಳುವಂತಿರಲಿಲ್ಲ. ನೆರೆಮನೆಯ ಹಂಪವ್ವ ಆಕೆಯ ಹೆಗಲ ಮೇಲೆ ಕೈಯಿಟ್ಟು ಕಾವಲಿದ್ದಳು.

ದಾದೇಸಾಬ ಚಪ್ಪಲಿ ಬಿಟ್ಟು ಒಳಗೆ ಬಂದ. ಹಾರ ಹಾಕಿದ. ಕಣ್ಣೊರೆಸಿಕೊಂಡು ಹೊರಡುವವನನ್ನು ಯಮನೂರಮ್ಮ ಮೆಲ್ಲಗೆ ಕರೆದಳು.

"ಅಣ್ಣಾ, ಮಂಚದ ಕೆಳಗಿನ ಹಲಗಿ ಈಗ ಒಯ್ದುಬಿಡ್ರಿ. ಹೆಣ ಹೋದ ಮ್ಯಾಲ ಮನಿ ತೊಳೀತಾರ. ನೀರಾಗ, ಕಾಲಾಗ ಏನರ ಆದೀತು."

"ಹೆಣ ಇರೋ ಮನ್ಯಾಗಿಂದ ಸಾಮಾನು ಹೊತ್ಕೊಂಡು ಹೋದ್ರ ಮಂದಿ ಏನ ಅಂದಾರು, ತಂಗಿ? ಮಣ್ಣು ಆಗಲಿ. ಕೈಗಾಡಿ ತಂದು ನಾನ ಒಯ್ತೀನಿ. ಕಾಗದ ಕತ್ತರಿಸಿ ಇಟ್ಟೀನಿ. ಅವನಿಗೆ ಮಾತು ಕೊಟ್ಟೀನಿ, ಅಚ್ಚು ಹಾಕೇ ಹಾಕ್ತೀನಿ."

"ಯಾವ ಹಲಗಿ?" ಅಮರಪ್ಪ ಕೇಳಿದ.

"ನಿಮ್ಮ ತಮ್ಮ ಮಾಡಿದ ಪುಸ್ತಕ. ಸಣ್ಣ ಹುಡುಗರದು," ಎಂದ ದಾದೇಸಾಬ.

"ಅದ ಆಡಿನ ಕತಿ? ಅಷ್ಟು ವರ್ಷದಾಗ ಒಂದು ಖರೇ ಆಡು ಸಾಕಿದ್ರ ಈಗ ಹಿಂಡ ಆಗಿರ್ತಿತ್ತಲ್ಲೋ ಸಾಬ!"

ಯಾರೋ ಕಿಸಕ್ಕೆಂದು ಬಾಯಿಗೆ ಸೆರಗು ಒತ್ತಿಕೊಂಡರು. ಯಮನೂರಮ್ಮನಿಗೆ ಸಿಟ್ಟು ಬರಲಿಲ್ಲ. ಇದೇ ಮಾತನ್ನು ವಿರುಪಣ್ಣನೂ ತನ್ನ ಬಗ್ಗೆ ಆಡಿಕೊಂಡು ನಗುತ್ತಿದ್ದ.

*

ದಾದೇಸಾಬ ಹೊಸ ಅಕ್ಷರ ತರಿಸಿದ ವರ್ಷ ಸವೆದುಹೋದ ಹಳೆಯವನ್ನು ಕರಗಿಸಲು ಕೊಡುವವನಿದ್ದ. ವಿರುಪಣ್ಣ ಅವನ್ನು ಕೇಳಿ ಮನೆಗೆ ತಂದಿದ್ದ. ಅವನಿಗೆ ಪೆನ್ನು ಹಿಡಿದರೆ ಕತೆ ಬರುತ್ತಿರಲಿಲ್ಲ. ಬೆರಳಿಗೆ ಸೀಸ ತಾಗಿದರೇ ಬರುತ್ತಿತ್ತು. ಪ್ರೆಸ್ಸಿಗೆ ಹೋಗುವ ಮುನ್ನ ಹೊಸ್ತಿಲ ಬೆಳಕಿನಲ್ಲಿ ಕೂತು ಒಂದೊಂದೇ ಅಕ್ಷರ ಹೆಕ್ಕಿ ಸಾಲು ಕಟ್ಟುತ್ತಿದ್ದ. ದಿನಕ್ಕೆ ನಾಲ್ಕು ಸಾಲು. ಪುಟ ತುಂಬಿದರೆ ಸುತ್ತಲೂ ದಾರ ಬಿಗಿದು, ಹಲಗೆಯ ಮೇಲೆ ಸರಿಸಿ, ಮಂಚದ ಕೆಳಗೆ ಇಡುತ್ತಿದ್ದ. ಆ ದಾರವೊಂದೇ ಪುಟವನ್ನು ಹಿಡಿದು ನಿಲ್ಲಿಸುವುದು. ಸೀಸದ ಅಕ್ಷರ ತಿರುಗುಮುರುಗಾಗಿದ್ದರೂ ಅವನು ಸರಾಗ ಓದುತ್ತಿದ್ದ. ಹಾಗಾಗಿ ಕಾಗದದ ಮೇಲೆ ಒಂದು ಸಾಲೂ ಇರಲಿಲ್ಲ.

ಒಮ್ಮೊಮ್ಮೆ ಅಕ್ಷರ ಸಾಲುತ್ತಿರಲಿಲ್ಲ.

"'ಹು' ತೀರಿದುವು, ಯಮನೂರಿ. ಹುಲಿ ಇನ್ನ ಮ್ಯಾಲ ಬರಂಗಿಲ್ಲ. ಕರಡಿ ತರ್ತೀನಿ."

"ಮಂದಿ ಕತಿಗೆ ಅಕ್ಷರ ಹುಡಕ್ತಾರ, ನೀವು ಅಕ್ಷರಕ್ಕ ಕತಿ ಹುಡಕ್ತೀರಿ."

"ಹುಡುಗರಿಗೆ ಏನ ಗೊತ್ತಾಕ್ಕೈತಿ? ಕರಡೀನೂ ಅಂಜಸ್ತೈತಿ."

ಒಮ್ಮೆ ಧಾರವಾಡಕ್ಕೆ ಹೋಗಿ ಒಬ್ಬ ಪ್ರಕಾಶಕರ ಮುಂದೆ ಕತೆ ಹೇಳಿ ಬಂದಿದ್ದ. ಕೊನೆಗೆ ನೀತಿ ಎಲ್ಲಿದೆ ಎಂದು ಕೇಳಿ ಅವರು ಚಹಾ ಕುಡಿಸಿ ಕಳಿಸಿದ್ದರು. ಬಂದವನು ಅಕ್ಷರದ ಪೆಟ್ಟಿಗೆ ತೆರೆಯಲಿಲ್ಲ. ಹೊಸ್ತಿಲಲ್ಲಿ ಸುಮ್ಮನೆ ಕೂರುತ್ತಿದ್ದ. ಒಂದು ಸಂಜೆ ಓಣಿಯ ಹುಡುಗಿಯರು ಬಾಗಿಲಿಗೆ ಬಂದು, "ಮಾಮಾ, ಆಡು ಬಸ್ ಹತ್ತಿತೇನ? ಕಂಡಕ್ಟರು ಇಳಿಸಿದ್ನೇನ?" ಎಂದು ಕೇಳಿದರು. ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆರೆದಿತ್ತು.

"ಒಬ್ಬರೂ ನೀತಿ ಕೇಳಲಿಲ್ಲ ನೋಡು," ಎಂದ. "ಮುಂದೇನಾತು ಅಂತ ಕೇಳಿದ್ರು. ಹಂಗ ಕೇಳೋರು ಇರೂ ತನಕ ನಾಕು ಸಾಲು ತಪ್ಪಸಂಗಿಲ್ಲ."

ಎದೆನೋವು ಬಂದು ಮಲಗಿದ ಮೇಲೂ ತಪ್ಪಿಸಲಿಲ್ಲ. ಮುಗಿಸಿದ ಪುಟವನ್ನೆಲ್ಲ ಹೆಂಡತಿಗೆ ಓದಿ ಹೇಳುತ್ತಿದ್ದವನು ಕೊನೆಯದನ್ನು ಮಾತ್ರ ಹೇಳಲಿಲ್ಲ. ದಾರ ಬಿಗಿದು ಹಲಗೆಯನ್ನು ಮಂಚದ ಕೆಳಗೆ ಸರಿಸಿದ್ದ.

"ಇದು ಪುಸ್ತಕ ಆದ ಮ್ಯಾಲ," ಎಂದಿದ್ದ.

*

ಅಂಗಳದಲ್ಲಿ ಗಂಡಸರು ಬಿದಿರು ಕಟ್ಟುತ್ತಿದ್ದರು. ದಾದೇಸಾಬನೂ ಅವರ ಜೊತೆ ಹಗ್ಗ ಜಗ್ಗುತ್ತಿದ್ದ. ಭಜನೆಯವರು ದಪ್ಪು ಬಡಿಯುತ್ತಿದ್ದರು.

ಮುದುಕವ್ವ ಮನೆಯೊಳಗೆ ಅಡ್ಡಾಡುತ್ತಿದ್ದಳು. ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿದಳು. ಸೈಕಲ್ಲಿನ ಹಿಂದೆ ಕಟ್ಟಿದ್ದ ಸುತಳಿ ಬಿಚ್ಚಿದಳು. ಪ್ರತಿ ಗಂಟಿನ ಮುಂದೆ ನಿಂತು, "ಇದನ್ನ ಯಾರು ಕಟ್ಟಿದ್ರವ್ವ?" ಎಂದು ಕೇಳುತ್ತಿದ್ದಳು. ಅವನೇ ಎಂದರೆ ಬಿಡಿಸುತ್ತಿದ್ದಳು. ಬಾಗಿಲ ನಿಂಬೆಕಾಯಿ ಬಿತ್ತು. ಹಗ್ಗ ಬಿಚ್ಚಿದ ಕರು ಹಿತ್ತಿಲಿನಿಂದ ಪಡಸಾಲೆ ಹಾದು ಓಡಿತು. ಹೆಣದ ಮುಂದಿನ ದೀಪ ಆರಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಂಚದ ನುಲಿ ಹಗ್ಗ ಅವನ ಬಿಗಿದಿದ್ದ ಹೌದಿಲ್ಲೋ?" ಎನ್ನುತ್ತ ಮುದುಕವ್ವ ಒಳಕೋಣೆಗೆ ಹೋದಳು.

ಯಮನೂರಮ್ಮ ಗಡಬಡಿಸಿ ಏಳಲು ಹೋದಳು. ಹಂಪವ್ವ ರಟ್ಟೆ ಹಿಡಿದು ಕೂರಿಸಿದಳು.

"ಬಿಡಬೇ, ಅತ್ತಿ ಒಳಗ ಹೋದ್ರು! ಅತ್ತೀ, ಮಂಚದ ಕೆಳಗ ಮುಟ್ಟಬ್ಯಾಡ್ರಿ! ಅವರದು ಎಲ್ಲಾ ಅಲ್ಲೇ ಐತ್ರಿ!"

"ಅಳವ್ವ, ಅಳು," ಹಂಪವ್ವ ಆಕೆಯನ್ನು ಎದೆಗವಚಿಕೊಂಡಳು. "ಮುಂಜಾನಿಂದ ಕಲ್ಲಾಗಿದ್ದಿ. ಈಗ ಹೊರಗ ಬರಾಕತ್ತೈತಿ."

"ಅಣ್ಣಾ! ದಾದೇಸಾಬಣ್ಣಾ! ಯಾರರ ಹೋಗ್ರಿ! ಅವರ ಹೋದ್ರು, ಅದನ್ನರ ಉಳಸ್ರಿ!"

ಹೆಂಗಸರೆಲ್ಲ ಕೂಡಿ ದನಿಯೆತ್ತಿ ಅತ್ತರು. ಅವರಿಗೆ ಅದು ಗಂಡನನ್ನು ಕಳೆದುಕೊಂಡವಳ ಹಾಡಿನಂತೆಯೇ ಕೇಳಿಸಿತು. ದಪ್ಪಿನ ಸದ್ದು ಏರಿತು.

ಒಳಗಿನಿಂದ ಚೀಲದ ಜೋಳ ನೆಲಕ್ಕೆ ಸುರಿದಂತೆ ಸದ್ದಾಯಿತು. ತುಸು ಹೊತ್ತು ಬಿಟ್ಟು ಮತ್ತೆ ಸುರಿಯಿತು. ಮತ್ತೆ. ಯಮನೂರಮ್ಮ ಹಂಪವ್ವನ ತೋಳಿನಲ್ಲಿ ತಣ್ಣಗಾಗಿ ಕೂತಳು. ಅಮರಪ್ಪ ಬಂದು, "ಏಳ್ರಿ, ಎತ್ತೂ ಹೊತ್ತಾತು," ಎಂದ.

*

ಮಣ್ಣು ಮುಗಿಸಿಕೊಂಡು ದಾದೇಸಾಬ ಕೈಗಾಡಿ ತಳ್ಳಿಕೊಂಡು ಬಂದ. ಅಕ್ಷರ ಅಲುಗಬಾರದೆಂದು ಗಾಡಿಗೆ ಭತ್ತದ ಹುಲ್ಲು ಹಾಸಿ, ಮೇಲೆ ಗೋಣಿ ಹೊದಿಸಿದ್ದ. ಹೊಸ್ತಿಲಲ್ಲಿ ಮುದುಕವ್ವ ಕೂತಿದ್ದಳು.

"ಬಾಪ್ಪ ಸಾಬ. ಮಂಚದ ಕೆಳಗ ಏನೋ ಸಣ್ಣ ಸಣ್ಣ ಪೆಂಡಿ ಕಟ್ಟಿ ಇಟ್ಟಿದ್ದ. ಬಿಗಿ ಅಂದ್ರ ಬಿಗಿ. ನನ್ನ ಉಗುರು ಕಿತ್ತು ನೆತ್ತರ ಬಂತು. ಆದ್ರೂ ಒಂದೂ ಬಿಡ್ಲಿಲ್ಲ ನೋಡು. ಹಗುರಾಗಿ ಹೋದ ನನ್ನ ಮಗ."

ದಾದೇಸಾಬ ಒಳಗೆ ಓಡಿದ. ಹೊರಗೆ ಬಂದು ಮುದುಕವ್ವನ ಮುಂದೆ ನಿಂತ.

"ಅವ್ವಾ, ನೀ ಏನ ಮಾಡಿದಿ ಅಂತ ಗೊತ್ತೈತೇನ..."

"ಅಣ್ಣಾ." ಒದ್ದೆ ಕೂದಲಿನ ಯಮನೂರಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು. "ಅತ್ತಿ ಛಲೋ ಮಾಡ್ಯಾರ. ನೀವು ಒಳಗ ಬರ್ರಿ."

ಒಳಗೆ ನೆಲದ ತುಂಬ ಸೀಸ ಚೆಲ್ಲಿತ್ತು. ಮನೆ ತೊಳೆದ ನೀರು ಅದರ ನಡುವೆ ಮಡುಗಟ್ಟಿತ್ತು.

"ಮುಂಜಾನಿ ನೀ ಹೇಳಿದಾಗ ಒಯ್ದಿದ್ರ..."

"ಮಂದಿ ಏನ ಅಂದಾರು ಅಂದ್ರಿ."

ದಾದೇಸಾಬ ಮಂಚವನ್ನು ಗೋಡೆಗೆ ಸರಿಸಿದ. ಆಮೇಲೆ ಇಬ್ಬರೂ ನೆಲಕ್ಕೆ ಕೂತು ಹೆಕ್ಕತೊಡಗಿದರು. ಮೂಲೆಯ ಹಲಗೆಯ ಮೇಲೆ ಒಂದೇ ಒಂದು ಸಾಲಿನ ತುಂಡು ಬೀಳದೆ ನಿಂತಿತ್ತು. ದಾದೇಸಾಬ ಬಗ್ಗಿ, ಬಲದಿಂದ ಎಡಕ್ಕೆ ಕಣ್ಣಾಡಿಸಿದ.

"'ಎಂದು ಆಡು ಕೇಳಿತು.' ಇಷ್ಟ ಐತಿ."

"ಏನಂತ ಕೇಳಿತು?"

"ಮ್ಯಾಲಿನ ಸಾಲು ಬಿದ್ದೈತಿ, ತಂಗಿ. ನಿನಗ ನೆನಪಿಲ್ಲೇನ?"

"ಕನಕಗಿರಿ ಸಂತ್ಯಾಗ ಬಸ್ ಇಳಿದದ್ದರ ತನಕ ಹೇಳಿದ್ರು. ಮುಂದಿಂದು ಹೇಳಲಿಲ್ಲ."

ಅವನು ಆ ತುಂಡನ್ನು ಎರಡೂ ಕೈಯಲ್ಲಿ ಎತ್ತಿದ. ಮೊಣಕಾಲಿನವರೆಗೂ ಬರಲಿಲ್ಲ. ಬೆರಳ ಸಂದಿಯಿಂದ ಉದುರಿತು.

ಯಮನೂರಮ್ಮ ಅಡುಗೆಮನೆಯಿಂದ ಮೊರ ತಂದಳು. ಬಾಚಿದ್ದನ್ನೆಲ್ಲ ಅದರಲ್ಲಿ ತುಂಬಿ, ಹಿತ್ತಿಲ ಬಿಸಿಲಿಗೆ ಒಯ್ದು, ಒಣಗಿದ ಮೇಲೆ ಕಾಳಿನಂತೆ ಕೇರಿದಳು. ಮಣ್ಣು ಹಾರಿ ಸೀಸ ಉಳಿಯಿತು. ಅಕ್ಷರ ಒಂದೂ ಕಳೆದಿರಲಿಲ್ಲ. ಪುಸ್ತಕ ಹೋಗಿತ್ತು.