ಕೆಳಗೆ ಕೂರುವ ಗಾಳಿ

ಜರಗನಹಳ್ಳಿಯ ಕೆಂಪಕ್ಕ ಗಾಜಿನ ದೀಪಕ್ಕೆ ಮೊದಲು ನೀರು ಹಾಕಿ, ಆಮೇಲೆ ಎಣ್ಣೆ ಬಿಡುವವಳು. ನೀರು ಭಾರ, ತಳ ಸೇರುತ್ತದೆ. ಎಣ್ಣೆ ಹಗುರ, ಮೇಲೆ ನಿಂತು ಉರಿಯುತ್ತದೆ. ದೇವರು ಇಟ್ಟ ನಿಯಮ.

ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ, ಕಲಶ ಇಡುವ ಮುನ್ನ ಬಚ್ಚಲು ತೊಳೆಯಲು ಹೋದಳು. ಘಾಟು ದೇವರ ಮನೆಗೆ ತಾಗಬಾರದೆಂದು ಒಳಗಿನಿಂದ ಚಿಲಕ ಹಾಕಿಕೊಂಡಳು. ಆಸಿಡ್ ಸುರಿದರೂ ಕಲೆ ಹೋಗಲಿಲ್ಲ. ಎರಡೂ ಸೇರಿದರೆ ಇನ್ನೂ ಚೊಕ್ಕಟವಾದೀತೆಂದು ಅದರ ಮೇಲೇ ಬ್ಲೀಚಿಂಗ್ ಪೌಡರ್ ಉದುರಿಸಿದಳು.

ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಸೊಸೆ ಇಂದ್ರಾಣಿಗೆ ಮೊದಲು ಕೆಮ್ಮು ಕೇಳಿಸಿತು. ಒಗೆಯುವ ಕಲ್ಲು ಹತ್ತಿ, ಬಚ್ಚಲ ಕಿಂಡಿಯ ಗಾಜುಗಳನ್ನು ಕಿತ್ತು ಇಣುಕಿದಳು. ನೆಲದ ಮೇಲೆ ಹಳದಿ ಹಸಿರು ಹೊಗೆ. ಅತ್ತೆ ಗೋಡೆಗೊರಗಿ ಕುಸಿಯುತ್ತಿದ್ದಳು.

"ಅತ್ತೆ, ಕೂತ್ಕೋಬೇಡಿ! ಬಾಗ್ಲು ತೆಗೀರಿ!"

"ಚಿಲ್ಕ ಕಚ್ಕೊಂಡೈತೆ ಕಣೇ... ಒಸಿ ಕೂತು ಸುಧಾರಿಸ್ಕೊಂತೀನಿ."

ಪಿಯುಸಿಯಲ್ಲಿ ಕೆಮಿಸ್ಟ್ರಿ ಓದಿದ್ದ ಇಂದ್ರಾಣಿ ಬಣ್ಣ ನೋಡಿಯೇ ಗುರುತಿಸಿದಳು. ಅದು ಕ್ಲೋರಿನ್. ಗಾಳಿಗಿಂತ ಎರಡೂವರೆ ಪಟ್ಟು ಭಾರ. ಕೂತರೆ ಮುಗಿಯಿತು.

"ವಿಷದ ಗ್ಯಾಸ್ ಅದು! ಭಾರ ಇರುತ್ತೆ, ಕೆಳಗೇ ಇರುತ್ತೆ!"

"ನಿನ್ ಸೈನ್ಸು ಆಮೇಲೆ ಹೇಳೇ... ಮಂಡಿ ನಿಲ್ತಿಲ್ಲ."

ಇಂದ್ರಾಣಿ ಅಳುತ್ತ ಕೂಗಿದಳು: "ದೀಪದ ನೀರಿನ ಥರ ಅದು ತಳದಲ್ಲಿ ಕೂತಿದೆ ಅತ್ತೆ! ನೀವು ಎಣ್ಣೆ ಥರ ಮೇಲೆ ಬನ್ನಿ! ಬಕೆಟ್ ಬೋರಲು ಹಾಕಿ ಹತ್ತಿ. ಬನಶಂಕರಿ ಅಮ್ಮನ ಹೆಸರು ಹೇಳ್ತಾ ಇರಿ, ನಿಲ್ಲಿಸ್ಬೇಡಿ!"

ಒಳಗೆ ಬಕೆಟ್ ಬೋರಲಾದ ಸದ್ದು.

"ತಾಯೀ ಬನಶಂಕರಿ... ಬನಶಂಕರಿ..."

ಕಿಂಡಿಯ ಸರಳುಗಳ ನಡುವೆ ಮುದಿ ಕೈ ಹೊರಬಂತು. ಇಂದ್ರಾಣಿ ಅದನ್ನು ಬಿಗಿಯಾಗಿ ಹಿಡಿದಳು. ಕೂಗು ಕೇಳಿ ಓಡಿಬಂದ ಪಕ್ಕದ ಮನೆಯ ಯಲ್ಲಯ್ಯ ಬಾಗಿಲಿಗೆ ಹಾರೆ ಹಾಕಿದ.

"ಬನ..." ಹೆಸರು ಅರ್ಧಕ್ಕೇ ನಿಂತಿತು. ಕೈ ಸಡಿಲಾಯಿತು.

"ಯಲ್ಲಣ್ಣ, ಬೇಗ!"

"ಬಂತು ಕಣವ್ವ, ಬಂತು!"

ಬಾಗಿಲು ಮುರಿಯಿತು. ಯಲ್ಲಯ್ಯ ಉಸಿರು ಬಿಗಿಹಿಡಿದು ಒಳನುಗ್ಗಿ ಕೆಂಪಕ್ಕನನ್ನು ಎತ್ತಿ ತಂದು, ಹಿತ್ತಲ ನೆಲದಲ್ಲೇ ಮಲಗಿಸಲು ಬಾಗಿದ.

"ಕೆಳಗೆ ಬೇಡ ಅಣ್ಣ! ಹೊಗೆ ಇಲ್ಲಿಗೇ ಹರೀತದೆ. ಮಾಳಿಗೆಗೆ!"

ಮಂಡಿನೋವಿನಿಂದ ವರ್ಷಗಟ್ಟಲೆ ಕೆಂಪಕ್ಕ ಹತ್ತದ ಮೆಟ್ಟಿಲು ಅವು; ಯಲ್ಲಯ್ಯ ಅವಳನ್ನು ಹೊತ್ತುಕೊಂಡೇ ಏರಿದ. ಮೇಲೆ ಬಯಲು ಗಾಳಿ ಬೀಸುತ್ತಿತ್ತು. ಯಲ್ಲಯ್ಯ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದ. ಇಂದ್ರಾಣಿ ಅತ್ತೆಯನ್ನು ಎದೆಗೊರಗಿಸಿಕೊಂಡು, ಅರ್ಧಕ್ಕೆ ನಿಂತ ಹೆಸರನ್ನು ತಾನೇ ಮುಂದುವರಿಸಿದಳು. ಮೊದಲು ಕೇಳಿ ಗಾಬರಿಯಾಗಿದ್ದ ಆ ಕೆಮ್ಮನ್ನೇ ಈಗ ಬೇಡಿದಳು.

"ಕೆಮ್ಮಿ ಅತ್ತೆ, ಒಂದ್ಸಲ ಕೆಮ್ಮಿ."

ಎದೆ ತುಸು ಏರಿತು. ಒಂದು ಕೆಮ್ಮು ಬಂತು. ಇನ್ನೊಂದಕ್ಕಾಗಿ ಇಂದ್ರಾಣಿ ಕಣ್ಣು ಮುಚ್ಚಿ ಕಾದಳು.