ಓಟಕ್ಕೆ ಮುಂಚಿನ ಸನ್ಮಾನ

ಗೆದ್ದು ಬಂದವರಿಗೆ ಹಾರ ಹಾಕುವುದು ಲೋಕರೂಢಿ. ಕೊಪ್ಪದ ಷಡಕ್ಷರಿ ಮಾಸ್ಟ್ರದು ಬೇರೆಯೇ ಲೆಕ್ಕ. ಅಂಗವಿಕಲರ ಕ್ರೀಡಾಕೂಟ ಮುಗಿಸಿ ಶಿವಮೊಗ್ಗದಿಂದ ವಾಪಸಾಗುವಷ್ಟರಲ್ಲಿ ಕತ್ತಲಾಗುತ್ತದೆ, ಆಗ ಜನ ಸೇರುವುದಿಲ್ಲ. ಆದ್ದರಿಂದ ಹೋಗುವಾಗಲೇ ಸನ್ಮಾನ ಮುಗಿಸಿಬಿಡೋಣ ಎಂದು ಹೊಸ ಮೊಬೈಲಿನಿಂದ ದಾರಿಯ ಸಂಘಗಳಿಗೆಲ್ಲ ಹೇಳಿಟ್ಟಿದ್ದರು. ಜೀಪು ಗೊತ್ತು ಮಾಡಿದ್ದೂ ಅವರೇ. ಹಾಗಾಗಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಸ್ಪರ್ಧಿಗಳು ಮೂವರು. ಕಣ್ಣು ಕಾಣದ ಸುಬ್ಬಪ್ಪ ಗುಂಡೆಸೆತಕ್ಕೆ, ಅಕ್ಕಿ ಗಿರಣಿಯಲ್ಲಿ ಬಲಗೈ ಕಳಕೊಂಡ ವಾಸಪ್ಪ ನೂರು ಮೀಟರ್ ಓಟಕ್ಕೆ, ಪೋಲಿಯೋದಿಂದ ಎರಡೂ ಕಾಲು ಸೋತ ಸರೋಜ ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿಯ ಓಟಕ್ಕೆ. ಹೆಸರು ಬರೆಸಲು ಹನ್ನೊಂದು ಗಂಟೆಯೇ ಕೊನೆ. ಮೂವತ್ತೈದು ತುಂಬಿದವರಿಗೆ ಈ ಓಟವಿಲ್ಲ, ಸರೋಜಳಿಗೆ ಬರುವ ತಿಂಗಳೇ ತುಂಬುತ್ತದೆ. ಎರಡು ವರ್ಷ ತನ್ನೂರು ಹಿರೇಕೊಡಿಗೆಯ ಏರು ರಸ್ತೆಯಲ್ಲಿ ಗಾಡಿ ತಿರುಗಿಸಿ ಅವಳ ಅಂಗೈ ದಡ್ಡುಗಟ್ಟಿತ್ತು.

ನರಸಿಂಹರಾಜಪುರದಲ್ಲಿ ಶಾಲು, ಹಣ್ಣು ಅಂತ ಒಂದು ಗಂಟೆ ಹೋಯಿತು. ಮುತ್ತಿನಕೊಪ್ಪ ಮುಟ್ಟಿದಾಗ ಒಂಬತ್ತು. ಅಲ್ಲಿ ವೇದಿಕೆಯೇ ಎದ್ದಿತ್ತು. ಸರೋಜಳ ಗಾಡಿ, ಊರುಗೋಲು ಎರಡನ್ನೂ ಜೀಪಿನ ಮೇಲೆ ಹಗ್ಗ ಹಾಕಿ ಬಿಗಿದಿದ್ದರು. "ಬಿಚ್ಚೋದೆಂತಕ್ಕೆ, ನಾವಿಲ್ವಾ?" ಎಂದು ಸಂಘದ ಇಬ್ಬರು ಅವಳನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಎತ್ತಿ ವೇದಿಕೆಯ ಮೇಲಿಟ್ಟರು. ಇಟ್ಟವರು ಉಪ್ಪಿಟ್ಟಿನ ಕಡೆ ಹೋದರು.

ಭಾಷಣ ಶುರುವಾಯಿತು. ಮೈಕಿನ ಮುಂದೆ ಬಂದವರೆಲ್ಲ ಅವಳ ಕಾಲು ನೋಡಿ ಗಂಟಲು ಸರಿಮಾಡಿಕೊಂಡರು. ಒಂಬತ್ತೂವರೆ ಆಯಿತು. ಸರೋಜ ಜೀಪಿನ ಕಡೆ ನೋಡಿದಳು. ಜಗಳಕ್ಕೆ ಬಂದವರಾದರೆ ಬೈದಾದರೂ ಬಿಡಿಸಿಕೊಳ್ಳಬಹುದು, ಕೈಮುಗಿದು ನಿಂತವರಿಗೆ ಏನು ಹೇಳುವುದು?

"ಮಾಸ್ಟ್ರೇ, ಹೊತ್ತಾಯ್ತು."

"ಐದೇ ನಿಮಿಷ ಮಾರಾಯ್ತಿ. ಅಧ್ಯಕ್ಷರು ಬರ್ತಾ ಇದಾರೆ."

ಯಾರೋ ಅವಳ ಕೈಗೆ ಮೈಕು ಕೊಟ್ಟು ಎರಡು ಮಾತಾಡಮ್ಮ ಎಂದರು.

"ನಂಗೆ ಓಟ ಇದೆ. ದಯವಿಟ್ಟು ಬಿಟ್ಬಿಡಿ."

"ಎಂಥಾ ಛಲ ನೋಡಿ!" ಎಂದು ಮುಂದಿನ ಸಾಲಿನವರು ಹೇಳಿದ್ದೇ ತಡ, ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಮೈಕು ಇನ್ನೊಬ್ಬರ ಕೈಸೇರಿತು.

ಶಾಲೆಯ ಅಂಗಳದಲ್ಲಿ ತಾನು ತೆವಳುವುದನ್ನು ಕಂಡು ಮಕ್ಕಳು ನಕ್ಕ ದಿನದಿಂದ ಸರೋಜ ನಾಲ್ಕು ಜನರೆದುರು ನೆಲಕ್ಕಿಳಿದವಳಲ್ಲ. ಬಾಯಾರಿದರೂ ಕೂತಲ್ಲೇ ಕೂತಿರುತ್ತಿದ್ದಳು. ಈಗ ಗಡಿಯಾರ ನೋಡಿದಳು, ಒಂಬತ್ತೂ ಮುಕ್ಕಾಲು. ಕೊರಳ ಹಾರ ತೆಗೆದಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿಯಿಂದ ಜಾರಿದಳು. ಮೂರು ಮೆಟ್ಟಿಲನ್ನು ಕೈಯೂರಿ ಇಳಿದು, ಕೂತ ಜನರ ನಡುವೆ ಮಣ್ಣಿನಲ್ಲಿ ಮೈ ಎಳೆದುಕೊಂಡು ಹೊರಟಳು. ನಾಚಿಕೆಗೆ ಕಿವಿ ಸುಟ್ಟಿತು, ಅಳುವೂ ಬಂತು. ಭಾಷಣ ಅರ್ಧಕ್ಕೆ ನಿಂತಿತು. ಎತ್ತಲು ಓಡಿ ಬಂದವರಿಗೆ, "ಮುಟ್ಬೇಡಿ. ಜೀಪಿನ ಬಾಗಿಲು ತೆಗೀರಿ" ಎಂದಳು.

"ಎಂತಾಯ್ತಾ?" ಎಂದ ವೇದಿಕೆಯ ಮೇಲೆ ಕೂತಿದ್ದ ಸುಬ್ಬಪ್ಪ.

"ಸರೋಜಕ್ಕ ಹೊರಟ್ರು. ಏಳು ಮಾರಾಯ" ಎಂದು ವಾಸಪ್ಪ ಅವನನ್ನು ಎಬ್ಬಿಸಿದ. ಮಾಸ್ಟ್ರು ಮುಖ ಕೆಂಪಗೆ ಮಾಡಿಕೊಂಡು ಹಿಂದಿನ ಸೀಟು ಹತ್ತಿದರು.

ಶಿವಮೊಗ್ಗದ ಮೈದಾನ ಮುಟ್ಟಿದಾಗ ಹನ್ನೊಂದಕ್ಕೆ ನಾಲ್ಕು ನಿಮಿಷ ಬಾಕಿ. ಹಗ್ಗ ಬಿಚ್ಚುವ ಮೊದಲೇ ವಾಸಪ್ಪ ಓಡಿ ಹೋಗಿ ಹೆಸರು ಬರೆಯುವ ಗುಮಾಸ್ತನನ್ನು ಜೀಪಿನ ಹತ್ತಿರಕ್ಕೇ ಎಳೆದು ತಂದ. ಗುಮಾಸ್ತ ಮೂವರ ಹೆಸರೂ ಬರೆದುಕೊಂಡ. ಆಮೇಲೆ ಸರೋಜಳ ಮಣ್ಣಾದ ಸೀರೆ ನೋಡಿ, ಅವಳನ್ನು ಬಿಟ್ಟು ಮಾಸ್ಟ್ರನ್ನು ಕೇಳಿದ: "ಇವರನ್ನೆಲ್ಲ ಕರ್ಕೊಂಡು ಬಂದವರು ಯಾರು ಸಾರ್? ಹೆಸರು ಬೇಕು."

"ಸರೋಜ ಅಂತ ಬರ್ಕೊಳ್ಳಿ" ಎಂದಳು ಸರೋಜ. "ಎಲ್ಲರನ್ನೂ ನಾನೇ ಕರ್ಕೊಂಡು ಬಂದದ್ದು."

ಮಾಸ್ಟ್ರು ಜೀಪಿನ ಮೇಲೆ ಹತ್ತಿ ಗಾಡಿಯ ಹಗ್ಗ ಬಿಚ್ಚತೊಡಗಿದರು.