ಒಣಬಟ್ಟೆಗಳ ಓಣಿ

ಮಹಾನಗರವೊಂದನ್ನು ನೋಡಲು ಜನ ಏಕೆ ಬರುತ್ತಾರೆ ಎಂದು ಕೇಳಿದರೆ ವಸ್ತುಸಂಗ್ರಹಾಲಯ, ಸಂಗೀತಭವನ, ನದಿಯ ಮೇಲಿನ ಹಳೆಯ ಸೇತುವೆ ಎಂದು ಯಾರಾದರೂ ಹೇಳಿಯಾರು. ಗುಂಡಿಯಮ್ಮನ ನಗರದಲ್ಲಿ ಇವೆಲ್ಲವೂ ಇದ್ದವು. ಆದರೂ ಬಂದವರು ಸಂಗ್ರಹಾಲಯವನ್ನು ಅರ್ಧಂಬರ್ಧ ನೋಡಿ ಮುಗಿಸಿ, ಅದರ ಹಿಂಬದಿಯ ಇಕ್ಕಟ್ಟಾದ ಓಣಿಗೆ ನುಗ್ಗಿ, ಕತ್ತೆತ್ತಿ ನಿಂತುಬಿಡುತ್ತಿದ್ದರು. ಅಲ್ಲಿ ಎದುರುಬದುರು ಮನೆಗಳ ಕಿಟಕಿಯಿಂದ ಕಿಟಕಿಗೆ ಕಟ್ಟಿದ ಹಗ್ಗಗಳ ಮೇಲೆ ಬಟ್ಟೆ ಒಣಗುತ್ತಿತ್ತು. ಅಂತಸ್ತು ಅಂತಸ್ತಿಗೂ ಅಂಗಿ, ಲಂಗ, ಟವೆಲು, ಕಾಲುಚೀಲ. ಅದರ ಚಿತ್ರ ಪ್ರವಾಸಿ ಕೈಪಿಡಿಯ ಮುಖಪುಟಕ್ಕೆ ಏರಿದಾಗ ಓಣಿಯವರೆಲ್ಲ ಹಿರಿಹಿರಿ ಹಿಗ್ಗಿದರು. "ನನ್ನ ಗಂಡನ ಬನೀನು ದೇಶದೇಶ ಸುತ್ತುತ್ತಿದೆ, ನಾನಿನ್ನೂ ಈ ಓಣಿ ದಾಟಿಲ್ಲ ನೋಡೇ" ಎಂದು ಎದುರುಮನೆಯ ಅಕ್ಕ ಕಿಟಕಿಯಿಂದಲೇ ಕೂಗಿ ನಕ್ಕಿದ್ದಳು.

ಗುಂಡಿಯಮ್ಮ ಎಂಬುದು ಓಣಿ ಇಟ್ಟ ಹೆಸರು. ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಲೇ ತಲೆ ನರೆಸಿಕೊಂಡವಳು ಅವಳು. ಈಗ ಮೂರನೆಯ ಅಂತಸ್ತಿನ ಒಂದೇ ಕೋಣೆಯಲ್ಲಿ ಹಾಸಿಗೆ ಹಿಡಿದ ಗಂಡನ ಚಾಕರಿಯೇ ಅವಳ ಕಾರ್ಖಾನೆ. ಆತ ಒಂದು ಕಾಲದಲ್ಲಿ ಕಲ್ಲು ಉಜ್ಜುವ ಕೆಲಸದವನು. ಪ್ರವಾಸಿಗರು ಬಗ್ಗಿ ಮುಖ ನೋಡಿಕೊಂಡು ಮೆಚ್ಚುವ ಸಂಗ್ರಹಾಲಯದ ನೆಲ ಆತನ ಕೈಯಲ್ಲೇ ಹೊಳಪು ಪಡೆದದ್ದು. ಹೊಳಪು ನೆಲಕ್ಕೆ ಹೋಯಿತು, ಧೂಳು ಎದೆಯಲ್ಲಿ ಉಳಿಯಿತು. ಮೈ ಕೈಮೀರಿ ಹೋದ ಮೇಲೆ ದಿನವೂ ಹಾಸಿಗೆ ಒದ್ದೆಯಾಗುತ್ತಿತ್ತು, ದಿನವೂ ಹಾಸುಬಟ್ಟೆ ಒಗೆಯಬೇಕಿತ್ತು. ವೈದ್ಯರು ಹೇಳಿದ್ದು ಒಂದೇ ಮಾತು: "ಕೋಣೇಲಿ ತೇವ ಇರಬಾರದಮ್ಮ. ಮೈಕೆಳಗೆ ಬಿಸಿಲಲ್ಲಿ ಒಣಗಿದ ಬಟ್ಟೆ ಇರಲಿ. ತೇವ ಕೂತ್ರೆ ಎದೆ ಕಟ್ಟುತ್ತೆ, ಆಮೇಲೆ ನನ್ನ ಕೈಲೂ ಏನೂ ಇರಲ್ಲ."

ಬಿಸಿಲಿಗೇನು ಬರವಿರಲಿಲ್ಲ. ಕಿಟಕಿಯ ಹೊರಗಿನ ಹಗ್ಗಕ್ಕೆ ಹಾಸುಬಟ್ಟೆ ಎಳೆದುಬಿಟ್ಟರೆ ಊಟದ ಹೊತ್ತಿಗೆ ಗರಿಗರಿಯಾಗಿ ಕೈಗೆ ಬರುತ್ತಿತ್ತು. ಅಷ್ಟರಲ್ಲಿ ಓಣಿಯ ಸೊಬಗು ಕಾಯಲು ಸಮಿತಿಯೊಂದು ಹುಟ್ಟಿಕೊಂಡಿತು. ಮೊದಲು ಅದು ಮನೆಮನೆಯ ಹಳೆಯ ಹಗ್ಗ ಬಿಚ್ಚಿ, ಹೊಸ ಹಗ್ಗವನ್ನೂ ಹಿತ್ತಾಳೆಯ ರಾಟೆಯನ್ನೂ ಬಿಟ್ಟಿಯಾಗಿ ಹಾಕಿಕೊಟ್ಟಿತು. ಜನ ಕೊಡುವ ಕೈಯನ್ನು ನೋಡಿದರೇ ಹೊರತು, ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿದೆ ಎಂದು ಕೇಳಲಿಲ್ಲ. ಕೆಲವೇ ದಿನಗಳಲ್ಲಿ ಅದೂ ತಿಳಿಯಿತು. ಹಗ್ಗ ಸಮಿತಿಯದು, ಆದ್ದರಿಂದ ಅದರ ಮೇಲೆ ಸಮಿತಿಯ ಬಟ್ಟೆಯೇ ತೂಗಬೇಕು. ಯಾರೂ ಎಂದೂ ತೊಡದ, ಇಸ್ತ್ರಿ ಮಾಡಿದ ಕೆಂಪು, ಹಳದಿ, ನೀಲಿ ಬಟ್ಟೆಗಳು ಬಂದವು. ಹಸಿಬಟ್ಟೆ ಹಾಕುವಂತಿಲ್ಲ, ಕೆಳಗೆ ನಿಂತವರ ಮೇಲೆ ತೊಟ್ಟಿಕ್ಕುತ್ತದಂತೆ. ಬಟ್ಟೆ ಒಣಗಿಸುವ ಹಗ್ಗದ ಮೇಲೆ ಹಸಿಬಟ್ಟೆ ನಿಷಿದ್ಧ! ಇಂಥದೊಂದು ಕಟ್ಟಳೆಯನ್ನು ಮೇಜಿನ ಸುತ್ತ ಕುಳಿತು, ಒಬ್ಬರ ಮುಖ ಒಬ್ಬರು ನೋಡಿಯೂ ನಗು ಬಾರದೆ ಒಪ್ಪಿಕೊಂಡ ವಿದ್ಯಾವಂತರು ಇದ್ದರಲ್ಲ, ಆ ನಗರದಲ್ಲಿ ನಿಜವಾಗಿಯೂ ನೋಡತಕ್ಕ ಸೋಜಿಗ ಅದೇ. ಅದನ್ನು ಮಾತ್ರ ಯಾವ ಕೈಪಿಡಿಯೂ ತೋರಿಸಲಿಲ್ಲ.

ಉಳಿದ ದಾರಿಗಳೂ ಮುಚ್ಚಿದ್ದವು. ತಾರಸಿಯ ಮೇಲೆ ಈಗ ಟಿಕೆಟು ಕೊಂಡವರು ಕಾಫಿ ಕುಡಿಯುತ್ತ ಹಗ್ಗಗಳ ಅಂದ ನೋಡುತ್ತಿದ್ದರು. ಓಣಿಯ ತಲೆಯಲ್ಲಿದ್ದ, ದುಡ್ಡು ಕೊಟ್ಟು ಯಂತ್ರದಲ್ಲಿ ಬಟ್ಟೆ ಒಗೆದು ಒಣಗಿಸಿಕೊಳ್ಳುವ ಅಂಗಡಿ ಹೋಗಿ, ಬೆರಳುದ್ದದ ಅಂಗಿ ತೂಗುಹಾಕಿದ ಪುಟ್ಟ ಹಗ್ಗಗಳನ್ನು ಮಾರುವ ಅಂಗಡಿ ಬಂದಿತ್ತು. ಎದುರುಮನೆಯ ಅಕ್ಕ ಒದ್ದೆಬಟ್ಟೆಯ ಗಂಟನ್ನು ಬಸ್ಸಿನಲ್ಲಿ ಹೊತ್ತು ಮಗಳ ಮನೆಗೆ ಒಯ್ಯುತ್ತಿದ್ದಳು.

"ನಿಂದೂ ಕೊಡು ಅಂತೀನಿ ಕಣೇ, ಆದ್ರೆ ನನ್ನ ಬೀಗಿತ್ತಿ ಇದಾಳಲ್ಲ, ನನ್ನ ಬಟ್ಟೆಗೇ ಮೂಗು ಮುರೀತಾಳೆ. ರೋಗಿ ಹಾಸಿಗೇದು ಅಂದ್ರೆ ಮೂಗೇ ಉದುರಿಹೋಗುತ್ತೆ."

"ಉದುರ್ಲಿ ಬಿಡಕ್ಕ, ಗುಂಡಿ ಹೊಲಿದ ಹಾಗೆ ಹೊಲಿದು ಕೊಡ್ತೀನಿ" ಎಂದು ಗುಂಡಿಯಮ್ಮ ನಗಲು ನೋಡಿದಳು.

ನಗು ಅರ್ಧಕ್ಕೇ ನಿಂತಿತು. ಹಾಸುಬಟ್ಟೆಗಳು ಈಗ ಕೋಣೆಯೊಳಗೆ, ಕುರ್ಚಿಯ ಬೆನ್ನಿಗೆ, ಬಾಗಿಲ ಮೇಲೆ ಜೋತುಬಿದ್ದಿದ್ದವು. ಗೋಡೆಯ ಮೂಲೆಗಳಲ್ಲಿ ಬೂಷ್ಟು ಹಬ್ಬಿತ್ತು. ಗಂಡನ ಉಸಿರು ಗರಗಸ ಎಳೆದಂತೆ ಕೇಳಿಸುತ್ತಿತ್ತು.

ಅಕ್ಕನನ್ನು ಹಾಸಿಗೆಯ ಬಳಿ ಕೂರಿಸಿ ಅವಳು ಸಮಿತಿಯ ಕಚೇರಿಗೆ ಹೋದಳು. ಅಲ್ಲಿದ್ದ ಅಧಿಕಾರಿಣಿ ಎದ್ದು ನಿಂತು ಕುರ್ಚಿ ಕೊಟ್ಟಳು, ನೀರು ಕೊಟ್ಟಳು, ಮಧ್ಯೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿದಳು.

"ಅಮ್ಮಾ, ಸಂಗ್ರಹಾಲಯ ಎಲ್ಲ ಊರಲ್ಲೂ ಇದೆ. ನಿಮ್ಮ ಓಣಿ ಎಲ್ಲೂ ಇಲ್ಲ. ಜನ ನೋಡೋಕೆ ಬರೋದು ನಿಮ್ಮ ಬದುಕನ್ನ."

"ಬದುಕು ಅಂದ್ರೆ ಒದ್ದೆ ಆಗೋದು ಇದ್ದಿದ್ದೇ ಅಲ್ವಾ ಮೇಡಂ? ಒಂದೇ ಒಂದು ಹಾಸುಬಟ್ಟೆ. ಬೇಕಾದ್ರೆ ಕೆಂಪಗಿರೋದನ್ನೇ ಹಾಕ್ತೀನಿ."

"ನಿಮಗೊಂದು ಬಿಟ್ರೆ ಎಲ್ರಿಗೂ ಬಿಡ್ಬೇಕಾಗುತ್ತೆ. ನನ್ನ ಕೈಲಿ ಇಲ್ಲಮ್ಮ, ನಿಜವಾಗ್ಲೂ ಬೇಜಾರಾಗುತ್ತೆ."

ಆಕೆಗೆ ನಿಜವಾಗಿಯೂ ಬೇಸರವಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಗದರಿಸಿದ್ದರೆ ಎದುರು ಮಾತಾಡಬಹುದಿತ್ತು. ಇಷ್ಟು ನಯವಾಗಿ ನೀರು ಕೊಟ್ಟು ಕಳಿಸಿದವರೊಡನೆ ಜಗಳವಾಡುವುದಾದರೂ ಹೇಗೆ? ಕೆಟ್ಟವರಿಲ್ಲದೆಯೂ ಕೇಡು ನಡೆಯುತ್ತದೆ. ಎಲ್ಲರ ಕೈಯೂ ಕಟ್ಟಿರುವಲ್ಲಿ ಅದು ಇನ್ನಷ್ಟು ಸಲೀಸಾಗಿ ನಡೆಯುತ್ತದೆ.

ಕೈ ಕಟ್ಟಿದ ಇನ್ನೊಬ್ಬನಿದ್ದ, ಅವಳ ಮಗ. ನಲವತ್ತು ದಾಟಿದವನು, ಹೆಂಡತಿ ಮಕ್ಕಳಿದ್ದವನು, ಬಹುಕಾಲ ಕೆಲಸವಿಲ್ಲದೆ ಅಲೆದವನು. ಅವನಿಗೆ ಸಿಕ್ಕಿದ ಮೊದಲ ಖಾಯಂ ಕೆಲಸವೇ ಈ ಸಮಿತಿಯದು. ಬೆಳಿಗ್ಗೆ ಮನೆಮನೆಗೆ ಹೋಗಿ ಹಗ್ಗಕ್ಕೆ ಬಣ್ಣದ ಬಟ್ಟೆ ಹಾಕುವುದು, ಬೇರೆ ಬಟ್ಟೆ ಕಂಡರೆ ತೆಗೆಸುವುದು.

"ನಿಮ್ಮಪ್ಪನ ಬೆನ್ನು ಮುಟ್ಟಿ ನೋಡೋ" ಎಂದಳು ತಾಯಿ.

ಅವನು ಮುಟ್ಟಿದ. ಕೈ ಹಿಂದಕ್ಕೆ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. "ನಾನೇನು ಮಾಡ್ಲಮ್ಮ? ನಮ್ಮನೆಗೆ ಬನ್ನಿ ಅಂದ್ರೆ ಅಪ್ಪನ್ನ ಆ ಮೆಟ್ಟಿಲಲ್ಲಿ ಇಳಿಸೋಕಾಗಲ್ಲ. ಈ ಕೆಲಸಾನೂ ಹೋದ್ರೆ ಮಕ್ಕಳನ್ನ ಎಲ್ಲಿ ನಿಲ್ಲಿಸ್ಲಿ?"

"ನಾನೇನು ಕೆಲಸ ಬಿಡು ಅಂದ್ನಾ?"

"ಅನ್ನಲಿಲ್ಲ. ಅನ್ನದೆ ಇದ್ದದ್ದೇ ಕಷ್ಟ."

ಮರುದಿನ ಬೆಳಗಾದಾಗ ಗಂಡನ ತುಟಿ ನೀಲಿಗಟ್ಟಿತ್ತು. ಬಂದ ವೈದ್ಯರು ಚುಚ್ಚುಮದ್ದು ಕೊಟ್ಟು, ಗೋಡೆಯನ್ನೊಮ್ಮೆ, ಕುರ್ಚಿಯ ಮೇಲಿನ ಬಟ್ಟೆಯನ್ನೊಮ್ಮೆ ನೋಡಿ, ಚೀಲ ಮುಚ್ಚಿಕೊಂಡು ಹೋದರು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಗುಂಡಿಯಮ್ಮ ಕಿಟಕಿಗೆ ಬಂದು, ಸಮಿತಿಯ ನೀಲಿ ಅಂಗಿಯನ್ನೂ ಹಳದಿ ಲಂಗವನ್ನೂ ಕಿತ್ತು ನೆಲಕ್ಕೆ ಹಾಕಿ, ಒಗೆದ ಬಿಳಿ ಹಾಸುಬಟ್ಟೆಯನ್ನು ಹಗ್ಗದ ನಡುವಿಗೆ ಎಳೆದುಬಿಟ್ಟಳು. ಎಷ್ಟು ತಿಕ್ಕಿದರೂ ಹೋಗದ ಹಳದಿ ಕಲೆ ಬಿಸಿಲಲ್ಲಿ ಎದ್ದು ಕಂಡಿತು. ಕಾಣಲಿ. ನೀರು ತೊಟ್ಟತೊಟ್ಟಾಗಿ ಓಣಿಗೆ ಬಿತ್ತು.

ಕೆಳಗೆ ಅಧಿಕಾರಿಣಿ ಹೊರಗಿನಿಂದ ಬಂದ ಅತಿಥಿಗಳ ಗುಂಪಿಗೆ ಓಣಿ ತೋರಿಸುತ್ತಿದ್ದಳು. ಒಬ್ಬರ ಟೋಪಿಯ ಮೇಲೆ ಹನಿ ಬಿತ್ತು. ಎಲ್ಲರೂ ಕತ್ತೆತ್ತಿದರು.

"ಅದನ್ನ ತೆಗೆಸಪ್ಪ, ಬೇಗ" ಎಂದು ಆಕೆ ಪಕ್ಕದಲ್ಲಿದ್ದವನಿಗೆ ಮೆಲ್ಲನೆ ಹೇಳಿದಳು. ಅದು ಅವನು ಹುಟ್ಟಿ ಬೆಳೆದ ಕಿಟಕಿ ಎಂದು ಆಕೆಗೆ ಗೊತ್ತಿರಲಿಲ್ಲ. ಅವನೂ ಹೇಳಲಿಲ್ಲ.

ಮೆಟ್ಟಿಲ ಮೇಲಿನ ಹೆಜ್ಜೆ ಸದ್ದಿನಲ್ಲೇ ಗುಂಡಿಯಮ್ಮ ಮಗನನ್ನು ಗುರುತಿಸಿದಳು. ಅವನು ಒಳಗೆ ಬಂದ. ಅಪ್ಪನ ಕಣ್ಣು ತನ್ನ ಮೇಲಿರುವುದನ್ನು ಕಂಡು ಕಿಟಕಿಯತ್ತ ತಿರುಗಿದ. ಹಗ್ಗಕ್ಕೆ ಕೈ ಹಾಕಿದ. ಎಳೆಯಲಿಲ್ಲ.

"ಆಯ್ತೇನಪ್ಪಾ?" ಕೆಳಗಿನಿಂದ ಕೂಗು.

"ಅಮ್ಮ" ಎಂದ ಮಗ. "ನೀನೇ ಹೇಳು. ನೀನು ಬೇಡ ಅಂದ್ರೆ ಇಳಿದು ಹೋಗ್ತೀನಿ."

ಬೇಡ ಎನ್ನಲು ಅವಳ ಬಾಯಿ ತೆರೆಯಿತು. ಬೇಡ ಎಂದರೆ ಇವತ್ತಿನ ಬಟ್ಟೆ ಒಣಗುತ್ತದೆ. ನಾಳೆ ಇನ್ನೊಬ್ಬನು ಬರುತ್ತಾನೆ, ಅವನು ಅವಳನ್ನು ಕೇಳುವುದಿಲ್ಲ. ಮಗ ಮಾತ್ರ ಮತ್ತೆ ಬೀದಿಗೆ ಬಿದ್ದಿರುತ್ತಾನೆ. ಯಾವ ಕಡೆಯಿಂದ ಎಳೆದರೂ ಗಂಟು ಬಿಗಿಯುವುದೇ ಹೊರತು ಬಿಚ್ಚುವಂತಿರಲಿಲ್ಲ.

"ಆ ಕಡೆ ಸರಿಯೋ. ನಿನ್ನ ಕೈಯಿಂದ ಬೇಡ" ಎಂದು ಅವನನ್ನು ಸರಿಸಿ, ಹಗ್ಗವನ್ನು ತಾನೇ ಎಳೆದುಕೊಂಡಳು. ಹಿತ್ತಾಳೆಯ ರಾಟೆ ಸದ್ದೇ ಮಾಡದೆ ತಿರುಗಿತು. ಮಗ ನೆಲದ ಮೇಲಿನ ಲಂಗವನ್ನೂ ಅಂಗಿಯನ್ನೂ ಎತ್ತಿ, ಕೊಡವಿ, ಹಗ್ಗಕ್ಕೆ ಸಿಕ್ಕಿಸಿದ. ಕೆಳಗೆ ಕ್ಯಾಮೆರಾಗಳು ಎದ್ದವು. ಅವನು ಯಾರ ಮುಖವನ್ನೂ ನೋಡದೆ ಇಳಿದುಹೋದ.

ಅವಳು ಹಾಸುಬಟ್ಟೆಯನ್ನು ಇನ್ನೊಮ್ಮೆ ಹಿಂಡಿ ಕುರ್ಚಿಯ ಬೆನ್ನಿಗೆ ಹರಡಿದಳು.

"ಒಣಗಿತೇನೇ?" ಗಂಡ ಉಸಿರು ಕೂಡಿಸಿಕೊಂಡು ಕೇಳಿದ.

"ಇಲ್ಲ ರೀ. ಮೋಡ ಕವಿದಿದೆ."

ಕಿಟಕಿಯಿಂದ ಇಳಿದ ಬಿಸಿಲು ಮಂಚದ ತುದಿಯಲ್ಲಿ, ಆತನ ಪಾದಗಳ ಮೇಲೆಯೇ ಬಿದ್ದಿತ್ತು. ಆತ ಅದನ್ನು ನೋಡಿದ.

"ಹೌದು, ಮೋಡ" ಎಂದು ಪಾದಗಳನ್ನು ಒಳಕ್ಕೆ ಎಳೆದುಕೊಂಡ.

ಕೆಮ್ಮು ಶುರುವಾಯಿತು. ಗುಂಡಿಯಮ್ಮ ಬಳಿ ಕುಳಿತು, ಒದ್ದೆಗೈಯನ್ನು ಸೆರಗಿಗೆ ಒರೆಸಿ, ಆತನ ಬೆನ್ನಿಗೆ ಒತ್ತಿ ಹಿಡಿದಳು. ಮಾಡುವುದಕ್ಕೆ ಬೇರೇನೂ ಇರಲಿಲ್ಲ.